ಇಲ್ಲದ ಕಾಲುವೆಗೆ ಗುದ್ದಲಿ ಪೂಜೆ

ದಿಣ್ಣೇಕುಂಟೆ, ತೂಬಗೆರೆ ಹೋಬಳಿ
4 ಆಗಸ್ಟ್ 2025

ಸರ್ವೆಯರ್ ರಮ್ಯಮ್ಮನಿಗೆ ಅಪ್ಪಯ್ಯಣ್ಣ ಬರೆಯುವುದು.

ಎಪ್ಪತ್ತಮೂರನೇ ವಯಸ್ಸಿನಲ್ಲಿ ನನ್ನ ಕೈಗೆ ಪೆನ್ನು ಹಿಡಿಸಿದ್ದೀಯ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಗೆಣ್ಣಿಗೆ ಹೊಡೆದರು ಅಂತ ಸ್ಲೇಟನ್ನು ಅವರ ಕಾಲ ಬುಡಕ್ಕೆ ಎಸೆದು ಬಂದವನು ನಾನು. ಆಮೇಲೆ ಬರೆದದ್ದು ಬರೀ ಸಹಿ. ಜೇಬಿನಲ್ಲಿ ಫೋನ್ ಇದೆ. ಆದರೆ ನೀನು, "ನನ್ನ ಮೇಲಿನ ಆರೋಪದ ಜೊತೆ ನಮ್ಮಿಬ್ಬರ ಕಾಲ್ ಲಿಸ್ಟೂ ಸೇರಿಸಿದ್ದಾರೆ ತಾತ, ಇನ್ನು ಏನಿದ್ದರೂ ಕಾಗದ ಬರೆಯಿರಿ" ಅಂದುಬಿಟ್ಟೆ. ಇಷ್ಟು ಬರೆಯುವುದಕ್ಕೆ ಒಂದು ಬೆಳಗ್ಗೆ ಹೋಯಿತು. ಬೆರಳು ನೋಯುತ್ತಿದೆ. ಇದು ನಿನ್ನ ಲೆಕ್ಕಕ್ಕೆ.

ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನನ್ನು ಬೀದರಿನ ಆಚೆಗೆ ಎತ್ತಂಗಡಿ ಮಾಡಿದ ಮೇಲೆ ಊರಿನಲ್ಲಿ ನಡೆದದ್ದು ಹೇಳುತ್ತೇನೆ.

ನೀನು ಅಳೆದು ಕೆಂಪು ಬಣ್ಣ ಹೊಡೆದು ಹೋದ ರಾಜಕಾಲುವೆಯ ಮೇಲೆ ಗೋವಿಂದರಾಜುವಿನ ಸೊಂಪುವನ ಎಸ್ಟೇಟಿನವರು ಮತ್ತೆ ಹುಲ್ಲುಹಾಸು ಹಾಸಿದ್ದಾರೆ. ಕಾಂಪೌಂಡು ಹಾಗೇ ನಿಂತಿದೆ. ಮೇಲಿನ ದಿಣ್ಣೆಯ ನೀರು ಕಾಲುವೆಯಲ್ಲಿ ಹರಿದು ಕೆರೆಗೆ ಹೋಗಬೇಕಲ್ಲ, ಅದು ಆ ಗೋಡೆಗೆ ಹಾಯ್ದು ವಾಪಸು ಬಂದು ಕೆಳಗಿನ ಬೀದಿಯವರ ಅಡುಗೆಮನೆಗೆ ನುಗ್ಗುತ್ತದೆ. ಕೆರೆಗೆ ಎರಡು ಮಳೆಗಾಲದಿಂದ ಹನಿ ನೀರಿಲ್ಲ. ಪಂಚಾಯಿತಿಯವರು ನೋಟಿಸು ಕೊಟ್ಟರೆ, ಆ ಹೆಸರಿನ ಕಂಪನಿಯೇ ಇಲ್ಲ ಅಂತ ವಾಪಸು ಬಂತು. ಬೋರ್ಡು ಬದಲಾಯಿಸಿಬಿಟ್ಟಿದ್ದಾನೆ. ಹೊಸ ಹೆಸರಿಗೆ ಕೊಟ್ಟರೆ ಸ್ಟೇ ತಂದ. ಸ್ಟೇ ತೆಗೆಸಿ ಅಂದರೆ ವಾಯಿದೆ. ಹನ್ನೊಂದು ವಾಯಿದೆಗೆ ನಾನೇ ಬಸ್ಸು ಹತ್ತಿ ಹೋಗಿದ್ದೇನೆ. ಪ್ರತಿ ಸಲವೂ ಅವನ ಲಾಯರಿಗೆ ಜ್ವರ. ಅಷ್ಟು ಜ್ವರ ಬರುವ ಮನುಷ್ಯ ಇನ್ನೂ ಹೇಗೆ ಬದುಕಿದ್ದಾನೆ ಅಂತ ಬೆಂಚು ಗುಮಾಸ್ತನನ್ನು ಕೇಳಿದೆ. ಅವನು ನಗುವುದಕ್ಕೂ ಹೆದರಿದ.

ಕೋರ್ಟಿಗೆ ಅವರು ಪ್ರಮಾಣ ಮಾಡಿ ಕೊಟ್ಟಿರುವ ಕಾಗದವನ್ನು ನಮ್ಮ ಪಂಚಾಯಿತಿ ಅಧ್ಯಕ್ಷೆ ರಂಜಿತ ಓದಿ ಹೇಳಿದಳು. ಸರ್ವೆ ನಂಬರ್ ನಲವತ್ತೇಳರಲ್ಲಿ ಕಾಲುವೆ ಅನ್ನುವುದು ಎಂದೂ ಇರಲಿಲ್ಲವಂತೆ. ರಮ್ಯ ಎಂಬ ಸರ್ವೆಯರ್ ಊರಿನವರ ಜೊತೆ ಸೇರಿ ಅದನ್ನು ಹುಟ್ಟಿಸಿದಳಂತೆ. ನಾನೇ ಸನಿಕೆ ಹಿಡಿದು ಅವರ ಹುಲ್ಲು ಕಿತ್ತು, ಮೊಣಕಾಲುದ್ದ ಕೆಳಗಿದ್ದ ಕಾಲುವೆ ಗಡಿಯ ಬಾಂದು ಕಲ್ಲನ್ನು ನಿನಗೆ ತೋರಿಸಿದವನು. ಆ ಕಲ್ಲು ನನ್ನ ಅಪ್ಪನಿಗಿಂತ ಹಳೆಯದು. ಅದನ್ನೂ ನೀನೇ ಹುಟ್ಟಿಸಿದೆಯೇನೋ.

ನಿನ್ನ ವಿಚಾರಣೆ ಯಾವಾಗ, ಏನೇನು ಆರೋಪ, ಎಲ್ಲ ಬರೆ. ಮುಚ್ಚಿಡಬೇಡ.

ಅಪ್ಪಯ್ಯಣ್ಣ


ಔರಾದ್, ಬೀದರ್ ಜಿಲ್ಲೆ
19 ಆಗಸ್ಟ್ 2025

ಅಪ್ಪಯ್ಯಣ್ಣ ತಾತನಿಗೆ ರಮ್ಯಳ ನಮಸ್ಕಾರ.

ನಿಮ್ಮ ಕಾಗದ ಆಫೀಸಿಗೆ ಒಡೆದೇ ಬಂತು. ಗುಮಾಸ್ತರು ಓದಿ, ಲಾಯರ್ ಜ್ವರದ ಜಾಗಕ್ಕೆ ಪೆನ್ಸಿಲ್ ಗೆರೆ ಎಳೆದು ಕೊಟ್ಟರು. ಇನ್ನು ಮುಂದೆ ಕೆಳಗೆ ಬರೆದಿರುವ ಮನೆಯ ವಿಳಾಸಕ್ಕೆ ಕಳಿಸಿ. ಅದೂ ಎಷ್ಟು ಭದ್ರವೋ ಗೊತ್ತಿಲ್ಲ, ಅಂಚೆಯವನು ಮೊದಲು ನಮ್ಮ ಆಫೀಸಿಗೆ ಬಂದು ಆಮೇಲೆಯೇ ಮನೆಗಳಿಗೆ ಹೋಗುತ್ತಾನೆ.

ನಾನು ಆರಾಮಾಗಿದ್ದೇನೆ. ಇಲ್ಲಿಯ ಮಾತು ಮೊದಲ ವಾರ ಅರ್ಧ ತಿಳಿಯುತ್ತಿತ್ತು, ಈಗ ಮುಕ್ಕಾಲು. ಮನೆಯ ಯಜಮಾನಿ ದಿನವೂ ಜೋಳದ ರೊಟ್ಟಿ ಕೊಡುತ್ತಾರೆ. ನಾನು ಎರಡು ತಿಂದರೆ, ಹಕ್ಕಿ ತಿಂದಂತೆ ತಿನ್ನುತ್ತೀ ಎಂದು ಮೂರನೆಯದನ್ನು ತಟ್ಟೆಗೆ ಹಾಕುತ್ತಾರೆ. ಕೆಲಸ ಹೆಚ್ಚಿಲ್ಲ. ನನಗೆ ಅಳತೆ ಯಂತ್ರ ಕೊಟ್ಟಿಲ್ಲ, ಹಳೆಯ ಕಡತಗಳಿಗೆ ನಂಬರು ಹಾಕಲು ಕೂರಿಸಿದ್ದಾರೆ.

ಆರೋಪಗಳು ಮೂರು. ಒಂದು, ಇಲ್ಲದ ಕಾಲುವೆಯನ್ನು ನಕಾಶೆಯಲ್ಲಿ ತೋರಿಸಿದ್ದು. ಎರಡು, ದೂರುದಾರರ, ಅಂದರೆ ನಿಮ್ಮ ಜೊತೆ ಇಪ್ಪತ್ತಮೂರು ಸಲ ಫೋನಿನಲ್ಲಿ ಮಾತಾಡಿದ್ದು. ಮೂರು, ಅಳತೆಯ ಎರಡೂ ದಿನ ದೂರುದಾರರ ಮನೆಯಲ್ಲಿ ಊಟ ಮಾಡಿ ಪ್ರಭಾವಕ್ಕೆ ಒಳಗಾದದ್ದು. ಊಟದ ವಿವರವನ್ನೂ ಬರೆದಿದ್ದಾರೆ: ಮುದ್ದೆ, ಹುರುಳಿಕಾಳಿನ ಸಾರು, ಮೊಟ್ಟೆ.

ವಿಚಾರಣೆ ಅಕ್ಟೋಬರ್ 30ಕ್ಕೆ. ಮೊದಲ ಆರೋಪ ಸಾಬೀತಾದರೆ ಕೆಲಸ ಹೋಗುತ್ತದೆ. ಆದರೆ ನೀವು ಚಿಂತೆ ಮಾಡಬೇಡಿ. ನಾನು ಅಳೆದದ್ದು ಸರಿಯಾಗಿದೆ. ಹೊಸಕೋಟೆಯಲ್ಲಿ ಅಮ್ಮನ ಮಂಡಿ ನೋವು ಮೊದಲಿನಂತೆಯೇ ಇದೆ, ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದಾರೆ. ನಾನು ಆರಾಮಾಗಿದ್ದೇನೆ.

ಮುನಿತಾಯಮ್ಮಜ್ಜಿಗೆ ನಮಸ್ಕಾರ ತಿಳಿಸಿ.

ರಮ್ಯ


ದಿಣ್ಣೇಕುಂಟೆ
2 ಸೆಪ್ಟೆಂಬರ್ 2025

ರಮ್ಯಮ್ಮನಿಗೆ.

ನೀನು ಆರಾಮಾಗಿದ್ದೀಯ ಅಂತ ಓದಿ ಸಮಾಧಾನ ಆಯಿತು. ಅಷ್ಟರಲ್ಲಿ ನನ್ನ ಹೆಂಡತಿ ಮುನಿತಾಯಮ್ಮ ಕಾಗದ ಕಿತ್ತುಕೊಂಡು ಓದಿದಳು. ಅವಳು ಏಳನೇ ಕ್ಲಾಸು, ಅದನ್ನು ಐವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾಳೆ. ಓದಿ ಮುಗಿಸಿ, "ಆರಾಮಾಗಿರೋಳು ಒಂದೇ ಕಾಗದದಲ್ಲಿ ಎರಡು ಸಲ ಆರಾಮಾಗಿದೀನಿ ಅಂತ ಯಾಕೆ ಬರೀತಾಳೆ?" ಅಂದಳು. ಹೆಂಗಸರ ಮಾತು ಬಿಡು ಅಂದೆ. ಆ ದಿನ ನನ್ನ ಸಾರಿಗೆ ಉಪ್ಪು ಬೀಳಲಿಲ್ಲ.

ಮೊಟ್ಟೆಯ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ಕಾಗದದಲ್ಲಿ ನನ್ನ ಮನೆಯ ಸಾರಿನ ಹೆಸರು ಬರೆದಿದ್ದಾರೆ. ಸರಿ, ಬರೆಯಲಿ. ಬಿಸಿಲಲ್ಲಿ ಎರಡು ದಿನ ನಿಂತು ಊರಿನ ಕಾಲುವೆ ಅಳೆದ ಹೆಣ್ಣು ಮಗಳಿಗೆ ಅನ್ನ ಹಾಕದೆ ಕಳಿಸುವುದು ನಮ್ಮಲ್ಲಿ ಇಲ್ಲ. ಆ ಎರಡು ದಿನವೂ ಗೋವಿಂದರಾಜು ಎಸ್ಟೇಟಿನ ಗೇಟಿನಲ್ಲಿ ತಣ್ಣಗಿನ ಜ್ಯೂಸು ಹಿಡಿದು ನಿಂತಿದ್ದ. ನೀನು ಕುಡಿಯಲಿಲ್ಲ. ಅದನ್ನು ಯಾಕೆ ಬರೆದಿಲ್ಲ ಕೇಳು. ಮೊಟ್ಟೆಗಿಂತ ಜ್ಯೂಸಿನ ಪ್ರಭಾವ ಕಮ್ಮಿಯಾ?

ಮುನಿತಾಯಮ್ಮ ಇನ್ನೂ ಒಂದು ಕೇಳಿದಳು. ನಾವು ಹಾಕಿದ್ದು ಮೊದಲ ದಿನ ಮಾತ್ರ ಮೊಟ್ಟೆ, ಎರಡನೇ ದಿನ ಬರೀ ಸಾರು. ಅದನ್ನು ಸರಿ ಮಾಡಿಸುವುದಕ್ಕೆ ಅರ್ಜಿ ಕೊಡಬಹುದಾ?

ಇನ್ನು ನಿಜವಾದ ವಿಷಯ. ನಿನ್ನನ್ನು ಅಲ್ಲಿಗೆ ಕಳಿಸಿದವರು ಯಾರು ಅಂತ ತಿಳಿಯಿತು. ಕೆಂಪರಾಜ್ ಇದ್ದಾರಲ್ಲ, ಯಾವುದೋ ನಿಗಮದ ಅಧ್ಯಕ್ಷರು, ಎಲ್ಲರೂ ಸಾಹೇಬರು ಅನ್ನುತ್ತಾರೆ. ಗೋವಿಂದರಾಜು ಅವರ ಮಗಳ ಮದುವೆಗೆ ಚಪ್ಪರದಿಂದ ಎಲೆಯವರೆಗೆ ತಾನೇ ನೋಡಿಕೊಂಡವನು. ಸಾಹೇಬರು ಒಂದು ಫೋನ್ ಮಾಡಿದರು, ನೀನು ಏಳು ನೂರು ಕಿಲೋಮೀಟರ್ ಆಚೆ ಹೋದೆ. ಅವರಿಗೆ ಎಷ್ಟು ಹೊತ್ತು ಹಿಡಿದಿರಬಹುದು, ಒಂದು ನಿಮಿಷ?

ರಾಗಿ ಹಿಟ್ಟು ನಾಲ್ಕು ಕೆಜಿ ಪಾರ್ಸೆಲ್ ಮಾಡಿದ್ದೇನೆ. ಇದನ್ನೂ ಆರೋಪಕ್ಕೆ ಸೇರಿಸಿಕೊಳ್ಳಲಿ.

ಅಪ್ಪಯ್ಯಣ್ಣ


ಔರಾದ್
15 ಸೆಪ್ಟೆಂಬರ್ 2025

ತಾತನಿಗೆ.

ಹಿಟ್ಟು ಬಂತು. ಮುದ್ದೆ ತಿರುವಲು ಕೋಲಿಲ್ಲದೆ ಲಟ್ಟಣಿಗೆಯಲ್ಲಿ ತಿರುವಿದೆ. ಗಂಟುಗಂಟಾಯಿತು. ಮನೆಯ ಯಜಮಾನಿ ಒಂದು ತುತ್ತು ತಿಂದು, ಇದನ್ನು ಅಗಿಯಬಾರದು ಎಂದರೆ ಹಲ್ಲು ಯಾಕೆ ಇವೆ ಎಂದು ಕೇಳಿದರು. ಬಹಳ ದಿನಗಳ ಮೇಲೆ ನಕ್ಕೆ.

ಅಜ್ಜಿ ಹೇಳಿದ್ದು ಸರಿ. ನಾನು ಮುಚ್ಚಿಟ್ಟಿದ್ದೆ.

ಜುಲೈನಲ್ಲಿ ಇಲ್ಲಿಗೆ ಒಬ್ಬರು ಬಂದಿದ್ದರು. ಹೆಸರು ಹೇಳಲಿಲ್ಲ, ಒಂದು ಕಾಗದ ಕೊಟ್ಟು ಹೋದರು. ಅದರಲ್ಲಿ ನಾಲ್ಕೇ ಸಾಲು: ಸರ್ವೆ ನಂಬರ್ 47ರ ಅಳತೆಯಲ್ಲಿ ನನ್ನಿಂದ ಲೋಪವಾಗಿದೆ, ಅಲ್ಲಿ ಕಾಲುವೆ ಕಂಡುಬಂದಿಲ್ಲ, ಇದು ಉದ್ದೇಶಪೂರ್ವಕವಲ್ಲ, ಕ್ಷಮಿಸಬೇಕು. ಸಹಿ ಹಾಕಿದರೆ ವಿಚಾರಣೆ ಮುಚ್ಚುತ್ತದೆ. ಹೊಸಕೋಟೆಗೇ ವರ್ಗವಾಗುತ್ತದೆ, ಅಮ್ಮನ ಜೊತೆ ಇರಬಹುದು. ಹಾಕದಿದ್ದರೆ ಅಕ್ಟೋಬರ್ 30.

ಇಲ್ಲಿಯವರೆಗೆ ಹಾಕಿಲ್ಲ. ಹರಿದೂ ಹಾಕಿಲ್ಲ. ಮೇಜಿನ ಮೇಲೆ ಇದೆ. ನಿಮಗೆ ಹೇಳದೆ ಇಟ್ಟುಕೊಂಡಿರುವುದು ಕಷ್ಟವಾಯಿತು, ಅದಕ್ಕೆ ಬರೆದೆ. ಬೈಯಬೇಡಿ.

ರಮ್ಯ


ದಿಣ್ಣೇಕುಂಟೆ
24 ಸೆಪ್ಟೆಂಬರ್ 2025

ರಮ್ಯಮ್ಮನಿಗೆ.

ಬೈಯುವುದಿಲ್ಲ. ಸಹಿ ಹಾಕಬೇಡ. ಇಷ್ಟೇ ಬರೆದು ಮುಗಿಸೋಣ ಅಂತಿದ್ದೆ, ಮುನಿತಾಯಮ್ಮ ಇನ್ನೂ ನಾಲ್ಕು ಸಾಲು ಬರೆ ಅಂದಳು.

ಸೋಮವಾರ ನಾನು, ರಂಜಿತ ಇಬ್ಬರೂ ಕೆಂಪರಾಜ್ ಸಾಹೇಬರ ಮನೆಗೆ ಹೋಗಿದ್ದೆವು. ನಿಂಬೆಹಣ್ಣು ಕೊಟ್ಟು ಕೈಮುಗಿದೆ. ಹೌದು, ನಾನೇ. ಊರಿಗೆ ಬರಬೇಕು ಅಂತ ಕೇಳಿಕೊಂಡೆವು. ಒಂದು ಗುದ್ದಲಿ ಪೂಜೆ ಇದೆ, ತಾವೇ ಮಾಡಬೇಕು ಅಂದೆವು. ಅಕ್ಟೋಬರ್ ಹನ್ನೆರಡು, ಭಾನುವಾರ, ಒಪ್ಪಿಕೊಂಡರು. ಅವರ ಹೆಸರಿನ ಕಲ್ಲು ಕೆತ್ತಿಸುತ್ತಿದ್ದೇವೆ. ಕೊಯಿರಾದ ಕಲ್ಲುಕುಟಿಗ ಪಿಳ್ಳಣ್ಣನ ಹತ್ತಿರ ನಾಲ್ಕಡಿ ಎತ್ತರದ್ದು. ಹೆಸರಿಗೆ ಚಿನ್ನದ ಬಣ್ಣ. ಗೋವಿಂದರಾಜುವಿಗೂ ವೇದಿಕೆಯ ಮೇಲೆ ಕುರ್ಚಿ ಹಾಕುತ್ತಿದ್ದೇವೆ. ಸಾಹೇಬರಿಗೆ ಅವನಿಲ್ಲದೆ ಆಗುವುದಿಲ್ಲವಂತೆ.

ಜಾಸ್ತಿ ಬರೆಯುವ ಹಾಗಿಲ್ಲ. ಕಾಗದದಲ್ಲಿ ಬಾಯಿ ಬಿಟ್ಟರೆ ಜೋಕೆ ಅಂತ ರಂಜಿತ ನನ್ನಿಂದ ಆಣೆ ಹಾಕಿಸಿಕೊಂಡಿದ್ದಾಳೆ. ನನ್ನ ಮೊಮ್ಮಗಳ ವಯಸ್ಸಿನವಳು, ನನಗೆ ಬಾಯಿ ನಿಲ್ಲುವುದಿಲ್ಲ ಅನ್ನುತ್ತಾಳೆ.

ನೀನು ಮೂವತ್ತನೇ ತಾರೀಕಿನವರೆಗೆ ಪೆನ್ನು ಮುಟ್ಟಬೇಡ.

ಅಪ್ಪಯ್ಯಣ್ಣ


ಔರಾದ್
6 ಅಕ್ಟೋಬರ್ 2025

ಅಪ್ಪಯ್ಯಣ್ಣನವರಿಗೆ.

ನಿಮ್ಮ ಊರಿನ ಆಹ್ವಾನ ಪತ್ರಿಕೆ ನನಗೂ ಮೊಬೈಲಿನಲ್ಲಿ ಬಂತು. ಕೆಂಪರಾಜ್ ಅವರ ಚಿತ್ರ ಅಂಗೈಯಗಲ, ಗೋವಿಂದರಾಜು ಅವರದು ಅದಕ್ಕಿಂತ ಸ್ವಲ್ಪ ಚಿಕ್ಕದು. ಕೆಳಗೆ, ಊರಿನ ಹಿರಿಯರು ಎಂದು ನಿಮ್ಮ ಹೆಸರು. ಯಾವ ಕಾಮಗಾರಿ ಎಂದು ನೋಡುವ ಮನಸ್ಸಾಗಲಿಲ್ಲ. ಮುಚ್ಚಿಬಿಟ್ಟೆ.

ನಾನು ನಿಮ್ಮನ್ನು ತಪ್ಪು ತಿಳಿಯುವುದಿಲ್ಲ. ಹನ್ನೊಂದು ವಾಯಿದೆ ತಿರುಗಿದ್ದೀರಿ. ಕೆಳಗಿನ ಬೀದಿಯವರ ಮನೆಗೆ ನೀರು ನುಗ್ಗುತ್ತಿದೆ. ಸಾಹೇಬರು ಮನಸ್ಸು ಮಾಡಿದರೆ ಒಂದು ಮೋರಿಯಾದರೂ ಆಗುತ್ತದೆ, ಊರಿಗೆ ಅಷ್ಟಾದರೂ ಸಿಗಲಿ. ನಾನು ಅಳೆದ ಗೆರೆಗಾಗಿ ಊರು ಕಾಯುತ್ತಾ ಕೂರಬೇಕಾಗಿಲ್ಲ.

ಹಾಗೆಯೇ ನಾನೂ ಕಾಯಬೇಕಾಗಿಲ್ಲ ಅನಿಸುತ್ತಿದೆ. ಅಮ್ಮ ನಿನ್ನೆ ಮೆಟ್ಟಿಲಲ್ಲಿ ಜಾರಿದರು. ಪೆಟ್ಟಾಗಿಲ್ಲ. ಆ ನಾಲ್ಕು ಸಾಲನ್ನು ನನ್ನ ಕೈಯಲ್ಲಿ ಒಮ್ಮೆ ನಕಲು ಮಾಡಿ ನೋಡಿದೆ. ಬರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ.

ರಮ್ಯ


ದಿಣ್ಣೇಕುಂಟೆ
14 ಅಕ್ಟೋಬರ್ 2025
ಸ್ಪೀಡ್ ಪೋಸ್ಟ್

ರಮ್ಯಾ,

ಅಪ್ಪಯ್ಯಣ್ಣನವರಿಗೆ ಅಂತ ಬರೆದಿದ್ದೀಯ. ತಾತ ಎಲ್ಲಿ ಹೋದ? ಇರಲಿ, ಆಮೇಲೆ ಬೈಯುತ್ತೇನೆ. ಮೊದಲು ಇದರ ಜೊತೆ ಇರುವ ಫೋಟೋ ನೋಡು. ಕಲ್ಲಿನ ಮೇಲಿನದ್ದು ಪೂರ್ತಿ ಓದು.

ಓದಿದೆಯಾ? "ಸರ್ವೆ ನಂ. 41ರಿಂದ ಹೊರಟು ಸರ್ವೆ ನಂ. 47ರ ಮೂಲಕ ಹಾದು ದಿಣ್ಣೇಕುಂಟೆ ಕೆರೆಗೆ ಸೇರುವ ರಾಜಕಾಲುವೆಯ ಹೂಳೆತ್ತುವ ಕಾಮಗಾರಿಯ ಗುದ್ದಲಿ ಪೂಜೆಯನ್ನು ಸನ್ಮಾನ್ಯ ಕೆಂಪರಾಜ್ ಅವರು ನೆರವೇರಿಸಿದರು. ಘನ ಉಪಸ್ಥಿತಿ: ಶ್ರೀ ಗೋವಿಂದರಾಜು, ಸೊಂಪುವನ." ಕಲ್ಲಿನಲ್ಲಿ ಒಂದೇ ಒಂದು ಸುಳ್ಳಿಲ್ಲ. ಕೆಲಸ ನಡೆಯುವುದು ನಲವತ್ತೊಂದರಲ್ಲಿ, ಗೋಡೆಯ ಆಚೆ, ಸ್ಟೇ ಇಲ್ಲದ ಜಾಗದಲ್ಲಿ. ದುಡ್ಡು ಉದ್ಯೋಗ ಖಾತ್ರಿಯದು. ರಂಜಿತ ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಅದೇ ಮಾತನ್ನು ಪಿಳ್ಳಣ್ಣನಿಗೆ ಕೊಟ್ಟಳು. ಸಾಹೇಬರ ಪಿ.ಎ. ಅಕ್ಷರ ನೋಡಿ ಒಪ್ಪಿಗೆ ಕೊಟ್ಟ. ಅವನು ನೋಡಿದ್ದು ಹೆಸರಿನ ಗಾತ್ರ ಒಂದೇ. ಇನ್ನೂ ಅರ್ಧ ಇಂಚು ದೊಡ್ಡದು ಮಾಡಿಸಿದ.

ಈ ಸಾಹೇಬರು ಒಂದು ನಲ್ಲಿ ಹಾಕಿದರೂ ಕಲ್ಲು ನೆಡಿಸುವವರು. ಚರಂಡಿ ಮೇಲಿನ ಚಪ್ಪಡಿಗೂ ಅವರ ಹೆಸರಿದೆ. ಪೂಜೆ ಅಂದರೆ ಸಾಕು, ಯಾವುದಕ್ಕೆ ಅಂತ ಕೇಳುವವರಲ್ಲ. ಅದನ್ನು ನಂಬಿಯೇ ನಾನು ನಿಂಬೆಹಣ್ಣು ಹಿಡಿದು ಹೋದದ್ದು.

ಭಾನುವಾರ ಊರಿಗೆ ಊರೇ ಬಂದಿತ್ತು. ಗೋವಿಂದರಾಜು ಬಿಳಿ ಶರಟು ಹಾಕಿಕೊಂಡು ಬಂದು ಕೂತ. ಆಹ್ವಾನ ಪತ್ರಿಕೆಯಲ್ಲಿ ಬರೀ ಹೂಳೆತ್ತುವ ಕೆಲಸ ಅಂತ ಹಾಕಿದ್ದೆವು, ಏನೋ ಮೋರಿ ಅಂದುಕೊಂಡಿದ್ದಾನೆ. ಸಾಹೇಬರು ಗುದ್ದಲಿ ಎತ್ತಿ ಮೂರು ಸಲ ನೆಲ ಮುಟ್ಟಿಸಿದರು. ನೆಲಕ್ಕೆ ಗೊತ್ತೂ ಆಗಿರಲಿಕ್ಕಿಲ್ಲ. ಆಮೇಲೆ ಕಲ್ಲಿನ ಮೇಲಿನ ಪರದೆ ಎಳೆದರು. ಗೋವಿಂದರಾಜು ಓದುತ್ತಾ ಓದುತ್ತಾ ನಲವತ್ತೇಳಕ್ಕೆ ಬಂದಾಗ ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಬಾಯಿ ತೆರೆದ. ಪಕ್ಕದಲ್ಲಿ ಸಾಹೇಬರು ಚಪ್ಪಾಳೆ ತಟ್ಟುತ್ತಿದ್ದರು. ಅವನೂ ತಟ್ಟಿದ. ತಟ್ಟದೆ ಏನು ಮಾಡುತ್ತಾನೆ. ಆ ಚಪ್ಪಾಳೆ ತಟ್ಟುತ್ತಿರುವ ಫೋಟೋ ಎರಡನೆಯದು. ಅದನ್ನು ನಾನು ಕಟ್ಟು ಹಾಕಿಸಿ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿದ್ದೆವು. ಮೈಕು ಸಿಕ್ಕಿದ ಮೇಲೆ ಸಾಹೇಬರು ನಿಲ್ಲಬೇಕಲ್ಲ. "ಈ ರಾಜಕಾಲುವೆ ನನಗೆ ಹೊಸದಲ್ಲ ಬಂಧುಗಳೇ, ಚಿಕ್ಕಂದಿನಲ್ಲಿ ನಾನು ಈಜು ಕಲಿತದ್ದೇ ಇದರಲ್ಲಿ. ಈಗ ಆ ಎಸ್ಟೇಟು ಇದೆಯಲ್ಲ, ಅಲ್ಲಿ ಒಂದು ಮಡು ಇತ್ತು" ಅಂದರು. ಅವರು ಹುಟ್ಟಿದ್ದು ಬೇರೆ ತಾಲ್ಲೂಕು. ಈ ಊರಿಗೆ ಮೊದಲನೇ ಸಲ ಬಂದದ್ದು ಮೂರು ವರ್ಷದ ಹಿಂದೆ, ಓಟಿಗೆ. ಆ ಕಾಲುವೆಯಲ್ಲಿ ಈಜಿದವನು ನಾನು, ಮಡುವೂ ಇರಲಿಲ್ಲ, ಮೊಣಕಾಲು ನೀರು. ಆದರೂ ಎಂಥ ಒಳ್ಳೆಯ ಸುಳ್ಳು ನೋಡು. ನಮ್ಮ ಹುಡುಗರೆಲ್ಲ ಫೋನಿನಲ್ಲಿ ಹಿಡಿದಿದ್ದಾರೆ. ರಂಜಿತ ಅದನ್ನು ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡಿಗೆ ಹಾಕಿ ಲಕೋಟೆಯಲ್ಲಿ ಅಂಟಿಸಿದ್ದಾಳೆ. ಕಳೆದುಹಾಕಬೇಡ.

ಒಂದು ಮಾತು ಹೇಳಬೇಕೋ ಬೇಡವೋ ಅಂತ ಯೋಚನೆ ಮಾಡಿದೆ. ಹೇಳುತ್ತೇನೆ. ಊಟಕ್ಕೆ ಕೂತಾಗ ಸಾಹೇಬರ ಪಕ್ಕ ಹೋಗಿ, ಕಾಲುವೆ ಅಳೆದ ಸರ್ವೆಯರ್ ಹುಡುಗೀನ ಅಷ್ಟು ದೂರ ಹಾಕಿಸಿದಿರಲ್ಲ ಸ್ವಾಮಿ ಅಂತ ಕೇಳಿಯೇಬಿಟ್ಟೆ. ಅವರು ಹೋಳಿಗೆ ಮುರಿಯುತ್ತಾ, "ಯಾವ ಹುಡುಗಿ?" ಅಂದರು. ನಾಟಕ ಅಲ್ಲ, ರಮ್ಯಾ. ನಿಜವಾಗಿ ಅವರಿಗೆ ನೆನಪಿಲ್ಲ. ದಿನಕ್ಕೆ ಅಂಥ ಫೋನು ಐವತ್ತು ಮಾಡುತ್ತಾರೆ. ಕೋರ್ಟಿನಲ್ಲಿ ಗೋವಿಂದರಾಜು ಏನು ಬರೆದುಕೊಟ್ಟಿದ್ದಾನೆ ಅನ್ನುವುದೂ ಗೊತ್ತಿಲ್ಲ. ಅಲ್ಲಿ ನನಗೆ ಬಂದ ಸಿಟ್ಟು ಈಗಲೂ ಇಳಿದಿಲ್ಲ. ಎಲೆ ಮುಂದೆ ಕೂತಿದ್ದವರು ಅಂತ ಬಿಟ್ಟೆ.

ಆ ನಕಲು ಮಾಡಿದ ಹಾಳೆ ಏನು ಮಾಡಿದೆ? ಸಹಿ ಹಾಕಿ ಕೊಟ್ಟುಬಿಟ್ಟೆಯಾ? ಕೊಟ್ಟಿದ್ದರೆ ಓಡಿ ಹೋಗಿ ಕಿತ್ತುಕೊ.

ತಾತ


ಔರಾದ್
3 ನವೆಂಬರ್ 2025

ತಾತಾ,

ಸಹಿ ಹಾಕಿರಲಿಲ್ಲ. ಹಾಕುವವಳಿದ್ದೆ. ದೀಪಾವಳಿಗೆ ಮೊದಲು ಕಳಿಸಿದರೆ ರಜೆಯಲ್ಲಿ ಅಮ್ಮನ ಹತ್ತಿರ ಹೋಗಬಹುದು ಎಂದು ಲೆಕ್ಕ ಹಾಕಿ, ಲಕೋಟೆಗೆ ವಿಳಾಸವನ್ನೂ ಬರೆದಿದ್ದೆ. ನಿಮ್ಮ ಕಾಗದ 17ಕ್ಕೆ ಬಂತು. ಫೋಟೋ ನೋಡಿ ಮನೆಯ ಯಜಮಾನಿ ಓಡಿ ಬರುವಷ್ಟು ಜೋರಾಗಿ ನಕ್ಕೆ, ಆಮೇಲೆ ಅತ್ತೆ. ನಿಮ್ಮ ಬಗ್ಗೆ ಏನೇನು ಅಂದುಕೊಂಡಿದ್ದೆ ಎಂದು ಬರೆಯುವುದಿಲ್ಲ. ಅಂದುಕೊಂಡಿದ್ದೆ, ಅಷ್ಟೇ. ಮನ್ನಿಸಿ.

ವಿಚಾರಣೆ ಬೀದರಿನಲ್ಲಿ ನಡೆಯಿತು. ವಿಚಾರಣಾಧಿಕಾರಿ ನಿವೃತ್ತಿಗೆ ಐದು ತಿಂಗಳು ಉಳಿದವರು. ಮೊದಲ ಅರ್ಧ ಗಂಟೆ ನನ್ನ ಮುಖವನ್ನೇ ನೋಡಲಿಲ್ಲ. ಎಸ್ಟೇಟಿನ ಲಾಯರ್ ಬೆಂಗಳೂರಿನಿಂದ ವಿಡಿಯೋದಲ್ಲಿ ಬಂದರು. ಆರೋಗ್ಯವಾಗಿದ್ದರು. ಅಲ್ಲಿ ಕಾಲುವೆ ಇರಲಿಲ್ಲ, ಇಲ್ಲ, ಇರಲು ಸಾಧ್ಯವೂ ಇಲ್ಲ ಎಂದು ಚೆನ್ನಾಗಿ ವಾದಿಸಿದರು. ಅವರು ಪೂರ್ತಿ ಮುಗಿಸಲಿ ಎಂದು ಕಾದೆ. ಆಮೇಲೆ ಕಲ್ಲಿನ ಫೋಟೋವನ್ನು ಮೇಜಿನ ಮೇಲಿಟ್ಟು, ವಿಡಿಯೋ ಹಾಕಿದೆ.

ಅಧಿಕಾರಿ ಅದನ್ನು ಎರಡು ಸಲ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಮರ್ಯಾದೆಯಿಂದ ಲಾಯರನ್ನು ಕೇಳಿದರು: "ಹಾಗಾದರೆ ಅಧ್ಯಕ್ಷರು ಈಜು ಕಲಿತದ್ದು ಎಲ್ಲಿ ಸರ್?"

ಲಾಯರ್ ಕಾಲಾವಕಾಶ ಕೇಳಿದರು. ಅಧಿಕಾರಿ ಕೊಡಲಿಲ್ಲ. ಕೊಡುವ ಸ್ಥಿತಿಯಲ್ಲಿ ಅವರಿರಲಿಲ್ಲ. ಕಾಲುವೆ ಇಲ್ಲ ಎಂದು ಬರೆದರೆ ಕೆಂಪರಾಜ್ ಸುಳ್ಳು ಹೇಳಿದರು ಎಂದು ಬರೆದಂತೆ. ಮೊದಲನೆಯ ಆರೋಪ ಸಾಬೀತಾಗಿಲ್ಲ ಎಂದು ಬರೆಸಿದರು. ಫೋನಿನದು ಕರ್ತವ್ಯದ ಭಾಗ. ಮೂರನೆಯದಕ್ಕೆ, ಊಟ ಮಾಡಿದ್ದು ನಿಜ, ಪ್ರಭಾವ ಕಂಡುಬಂದಿಲ್ಲ ಎಂದು ಬರೆಸಿ, ಇನ್ನು ಮುಂದೆ ಬುತ್ತಿ ಒಯ್ಯಿರಿ ಎಂದು ನನಗೆ ಎಚ್ಚರಿಕೆ ಕೊಟ್ಟರು. ನಾನು ಒಯ್ಯುವುದಿಲ್ಲ.

ಖುಷಿಯಾಗಿದೆ ತಾತ. ಬಸ್ಸಿನಲ್ಲಿ ಬರುವಾಗ ಮಾತ್ರ ಒಂದು ವಿಷಯ ಕೊರೆಯಿತು. ನನ್ನ ನಕಾಶೆ ಆ ಮೇಜಿನ ಮೇಲೆ ಮೊದಲಿನಿಂದಲೂ ಇತ್ತು. ಅದನ್ನು ಯಾರೂ ಬಿಡಿಸಿ ನೋಡಲಿಲ್ಲ. ಯಾವ ಹೆಸರಿಗೆ ಹೆದರಿ ನನ್ನನ್ನು ಇಲ್ಲಿಗೆ ಕಳಿಸಿದರೋ ಅದೇ ಹೆಸರಿಗೆ ಹೆದರಿ ಬಿಟ್ಟರು. ನನ್ನ ಅಳತೆ ಸರಿ ಎಂದು ಇನ್ನೂ ಯಾರೂ ಹೇಳಿಲ್ಲ.

ಹೇಗಾದರೂ ಇರಲಿ, ಅಳತೆ ಯಂತ್ರ ಮರಳಿ ಕೊಟ್ಟಿದ್ದಾರೆ. ವರ್ಗಾವಣೆಯ ಮಾತು ಇನ್ನೂ ಇಲ್ಲ.

ರಮ್ಯ


ದಿಣ್ಣೇಕುಂಟೆ
17 ನವೆಂಬರ್ 2025

ರಮ್ಯಮ್ಮನಿಗೆ.

ನಿನ್ನ ಕಾಗದವನ್ನು ರಂಜಿತ ಅರಳಿಕಟ್ಟೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಅಧಿಕಾರಿಯ ಪ್ರಶ್ನೆಯನ್ನು ಮೂರು ಸಲ ಓದಿಸಿದರು. ಕೆಳಗಿನ ಬೀದಿಯ ಹೆಂಗಸರು ಪಾಯಸ ಮಾಡಿ ಮನೆಮನೆಗೂ ಕೊಟ್ಟರು. ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ನಿನ್ನಿಂದ ಮೂರು ವಾರ ಸುದ್ದಿ ಇರಲಿಲ್ಲ, ನೀನು ಸಹಿ ಹಾಕಿಬಿಟ್ಟೆ ಅಂತ ಊರ ಮುಂದೆಯೇ ನಿನ್ನನ್ನು ಬೈದಿದ್ದೆ. ನೀನೂ ನನ್ನ ಮೇಲೆ ಅನುಮಾನ ಪಟ್ಟಿದ್ದೀಯಲ್ಲ. ಸರಿಗೆ ಸರಿಯಾಯಿತು.

ಇಲ್ಲಿ ತಮಾಷೆ ನಡೆಯುತ್ತಿದೆ. ಗೋವಿಂದರಾಜು ಕಲ್ಲನ್ನು ತೆಗೆಸಬೇಕು ಅಂತ ಸಾಹೇಬರ ಹತ್ತಿರ ಹೋಗಿದ್ದ. ಜಾಗ ಬದಲಾಯಿಸೋಣ, ಮಾತು ತಿದ್ದಿಸೋಣ ಅಂದನಂತೆ. ಸಾಹೇಬರಿಗೆ ಕೇಳಿಸಿದ್ದು ಒಂದೇ, ತಮ್ಮ ಹೆಸರು ಅಳಿಸುತ್ತಾನೆ ಅಂತ. ಮುಂದೆ ಎಲೆಕ್ಷನ್ನು ಬೇರೆ. ಮಾರನೇ ದಿನ ಅವರ ಅಭಿಮಾನಿ ಬಳಗದವರು ಬಂದು ಕಲ್ಲಿನ ಸುತ್ತ ಕಬ್ಬಿಣದ ಗ್ರಿಲ್ಲು ಹಾಕಿ, ಬೀಗ ಹಾಕಿ, ಹಾರ ಹಾಕಿ ಹೋದರು. ಈಗ ನಮ್ಮ ಸಾಕ್ಷಿಗೆ ಅವರದೇ ಕಾವಲು.

ಆಮೇಲೆ ಗೋವಿಂದರಾಜು ನನ್ನ ಜಗಲಿಗೇ ಬಂದ, ಸಿಹಿ ಡಬ್ಬ ಹಿಡಿದು. "ಯಜಮಾನ್ರೇ, ನೀವು ಇಷ್ಟು ದೊಡ್ಡ ಆಟ ಆಡ್ತೀರ ಅಂತ ಗೊತ್ತಿರಲಿಲ್ಲ" ಅಂದ. "ಆಟ ಏನಪ್ಪಾ, ನೀನೇ ಚಪ್ಪಾಳೆ ತಟ್ಟಿದ್ಯಲ್ಲ" ಅಂದೆ. ಗೋಡೆ ಮೂರಡಿ ಹಿಂದಕ್ಕೆ ಸರಿಸುತ್ತೇನೆ, ಅಲ್ಲಿಗೆ ಬಿಟ್ಟುಬಿಡಿ ಅಂದ. ಕಾಲುವೆ ಮೂವತ್ತು ಅಡಿ ಅಗಲ, ರಮ್ಯಮ್ಮ ಅಳೆದಿದ್ದಾಳೆ ಅಂದೆ. ಡಬ್ಬ ಬಿಟ್ಟು ಹೋಗಿದ್ದಾನೆ. ಮುನಿತಾಯಮ್ಮ ಅದನ್ನು ಮುಟ್ಟಲು ಬಿಡದೆ ಅವನ ಗೇಟಿಗೆ ತೂಗುಹಾಕಿಸಿದಳು.

ಕೋರ್ಟಿನಲ್ಲೂ ಫೋಟೋ, ವಿಡಿಯೋ ಕೊಟ್ಟೆವು. ಹನ್ನೆರಡನೇ ವಾಯಿದೆಗೆ ಅವನ ಲಾಯರಿಗೆ ಜ್ವರ ಬರಲಿಲ್ಲ. ಡಿಸೆಂಬರ್ 12, ಶುಕ್ರವಾರ, ಎರಡೂ ಕಡೆಯವರ ಮುಂದೆ ನಲವತ್ತೇಳನ್ನು ಮತ್ತೆ ಅಳೆಯಬೇಕು, ಮೊದಲು ಅಳೆದ ಸರ್ವೆಯರ್ ಹಾಜರಿರಬೇಕು ಅಂತ ಆರ್ಡರ್ ಆಗಿದೆ. ಅದರ ನಕಲು ಇದರ ಜೊತೆ ಇದೆ. ನಿನ್ನ ಅಳತೆ ಸರಿ ಅಂತ ಯಾರೂ ಹೇಳಿಲ್ಲ ಅಂತ ಬರೆದಿದ್ದೀಯ. ಬಂದು ಮತ್ತೆ ಅಳೆ, ಹೇಳಿಸೋಣ. ಸ್ಟೇ ಇನ್ನೂ ಇದೆ, ಗೋಡೆಯೂ ಇದೆ. ಈ ಅಳತೆ ಆಗದೆ ಅದು ಬೀಳುವುದಿಲ್ಲ.

ಈಗ ತಲೆನೋವಿನ ವಿಷಯ. ಸಾಹೇಬರ ಪಿ.ಎ. ಫೋನ್ ಮಾಡಿದ್ದ. ಸಾಹೇಬರ ಕಾಲುವೆಯನ್ನು ಪತ್ತೆ ಮಾಡಿದ ಸರ್ವೆಯರ್ ಯಾರೋ ಇದ್ದಾರಂತಲ್ಲ, ಹನ್ನೆರಡನೇ ತಾರೀಕು ಅಳತೆ ಮುಗಿದ ಮೇಲೆ ಕಲ್ಲಿನ ಮುಂದೆಯೇ ಸಾಹೇಬರು ಅವರಿಗೆ ಸನ್ಮಾನ ಮಾಡುತ್ತಾರೆ, ವೇದಿಕೆಯ ಮೇಲೆಯೇ ಹೊಸಕೋಟೆಗೆ ವರ್ಗ ಮಾಡಿಸುವುದಾಗಿ ಹೇಳುತ್ತಾರೆ ಅಂದ. ನಾನು ಫೋನನ್ನು ಮುನಿತಾಯಮ್ಮನ ಕೈಗೆ ಕೊಟ್ಟು ಹಿತ್ತಿಲಿಗೆ ಹೋದೆ.

ಊರಿನಲ್ಲಿ ಎರಡು ಗುಂಪಾಗಿದೆ. ರಂಜಿತ, ಶಾಲು ಹೊದ್ದುಕೊಳ್ಳಲಿ, ಆರ್ಡರ್ ಇಸ್ಕೊಳ್ಳಲಿ, ಅಮ್ಮನ ಮಂಡಿ ನೋವು ಶಾಲು ಯಾರದು ಅಂತ ಕೇಳುವುದಿಲ್ಲ ಅನ್ನುತ್ತಾಳೆ. ಮುನಿತಾಯಮ್ಮ, ಕಳಿಸಿದವನ ಕೈಯಲ್ಲೇ ವಾಪಸು ಬರಬೇಕಾ, ಕಾಲುವೆ ಅಳೆದು ಯಂತ್ರ ಮಡಚಿಕೊಂಡು ನಮ್ಮ ಮನೆಗೆ ಬರಲಿ ಅನ್ನುತ್ತಾಳೆ. ನನ್ನನ್ನು ಕೇಳಬೇಡ. ಒಂದು ದಿನ ಇವಳ ಕಡೆ, ಒಂದು ದಿನ ಅವಳ ಕಡೆ ಇದ್ದೇನೆ. ಎಪ್ಪತ್ತಮೂರು ವರ್ಷದಲ್ಲಿ ನಾನು ಹೀಗೆ ತೂಗಾಡಿದವನಲ್ಲ, ಅದಕ್ಕೂ ಸಿಟ್ಟು ಬಂದಿದೆ. ಹೊದ್ದುಕೊಂಡರೂ ನೀನು ನಮ್ಮವಳು, ಬಿಟ್ಟರೂ ನಮ್ಮವಳು. ಆದರೆ ತೀರ್ಮಾನ ನಿನ್ನದು, ನಾನು ಹೊರುವುದಿಲ್ಲ.

ಪಿ.ಎ. ದಿನಾ ಫೋನ್ ಮಾಡುತ್ತಿದ್ದಾನೆ. ಶಾಮಿಯಾನದವನಿಗೂ ಹೇಳಬೇಕಂತೆ. ಅಳತೆಗೆ ಬರುತ್ತೀಯಾ, ಸನ್ಮಾನಕ್ಕೆ ಒಪ್ಪುತ್ತೀಯಾ, ಎರಡಕ್ಕೂ ಹೌದು ಅಥವಾ ಇಲ್ಲ ಅಂತ ಬರೆ. ಡಿಸೆಂಬರ್ ಮೂರನೇ ತಾರೀಕಿನೊಳಗೆ ಉತ್ತರ ನನ್ನ ಕೈಯಲ್ಲಿರಬೇಕು.

ತಾತ